ಬೀದರ ಸೀಮೆಯ ಸಾವಯವ ಧಾನ್ಯಗಳು: ಹೊಲ, ಗಿರಣಿ ಮತ್ತು ಸಂತೆ

ಬೀದರ ನಗರವು ಜಂಬಿಟ್ಟಿಗೆಯ ಕೆಂಪು ಪ್ರಸ್ಥಭೂಮಿಯ ಮೇಲಿದೆ. ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳಲ್ಲಿ ಕಪ್ಪು ಎರೆಭೂಮಿ ವ್ಯಾಪಕವಾಗಿದೆ. ಮುಂಗಾರಿನಲ್ಲಿ ಸಜ್ಜೆ, ಹೆಸರು, ಉದ್ದು, ತೊಗರಿ. ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಎಂಬುದು ಈ ಸೀಮೆಯ ಹಳೆಯ ಬೆಳೆಕ್ರಮ. ಈಚಿನ ದಶಕಗಳಲ್ಲಿ ಮುಂಗಾರಿನ ಹೊಲವನ್ನು ಬಹುಮಟ್ಟಿಗೆ ಸೋಯಾ ಅವರೆ ಆಕ್ರಮಿಸಿದೆ. ಎಣ್ಣೆಯ ಕಾರ್ಖಾನೆಗೆ ಸಾಗುವ ಈ ಬೆಳೆ ರೈತನಿಗೆ ನಗದು ತರುತ್ತದೆ. ಆದರೆ ಅವನ ಮನೆಯ ರೊಟ್ಟಿಯಾಗುವುದಿಲ್ಲ. ಸಾವಯವ ಧಾನ್ಯದ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು.

ಜೋಳದ ಸಾಲುಗಳ ನಡುವೆ ತೊಗರಿಯ ಅಕ್ಕಡಿ ಹಾಕುವ ಪದ್ಧತಿಯಲ್ಲಿ ಗೊಬ್ಬರದ ವ್ಯವಸ್ಥೆ ಅಂತರ್ಗತವಾಗಿದೆ. ತೊಗರಿಯ ಬೇರು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಉದುರಿದ ಎಲೆ ಕೊಳೆಯುತ್ತದೆ. ಜೋಳದ ಕಣಿಕೆ ದನಗಳ ಮೇವಾಗಿ, ತಿಪ್ಪೆಗೊಬ್ಬರವಾಗಿ ಹೊಲಕ್ಕೆ ಮರಳುತ್ತದೆ. ಜೋಳ ಕಡಿಮೆಯಾದರೆ ಮೇವು, ದನ, ಗೊಬ್ಬರ ಈ ಮೂರೂ ಕ್ಷೀಣಿಸುತ್ತವೆ.

ಮಾರಾಟದ ಸಮಸ್ಯೆ ಇದಕ್ಕಿಂತ ಜಟಿಲ. 2001ರಲ್ಲಿ ಆರಂಭವಾದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ನಿಯಮದಂತೆ ವಾರ್ಷಿಕ ಬೆಳೆಗಳಿಗೆ ಬಿತ್ತನೆಗೆ ಮುನ್ನ ಕನಿಷ್ಠ ಎರಡು ವರ್ಷಗಳ ಪರಿವರ್ತನಾ ಅವಧಿ ಅಗತ್ಯ. ಆ ಅವಧಿಯಲ್ಲಿ ಇಳುವರಿ ತಗ್ಗಬಹುದು. ಸಾವಯವವೆಂಬ ಹೆಸರಿನ ಬೆಲೆಯಂತೂ ದೊರೆಯದು. ಸಣ್ಣ ಹಿಡುವಳಿದಾರನು ಸೋಲುವುದು ಇಲ್ಲಿಯೇ. ರೈತರ ಗುಂಪು ಪರಸ್ಪರ ಹೊಲಗಳನ್ನು ಪರಿಶೀಲಿಸುವ ಸಹಭಾಗಿ ಖಾತರಿ ಪದ್ಧತಿಯಲ್ಲಿ ವೆಚ್ಚ ಕಡಿಮೆ. ಬೆಳೆದವನನ್ನು ಬಲ್ಲ ಸಮೀಪದ ಗ್ರಾಹಕನಿಗೆ ಅದು ಸಾಕು.

ಸಾಮೀಪ್ಯಕ್ಕೆ ಇನ್ನೊಂದು ಕಾರಣ ಧಾನ್ಯದ ಗುಣದಲ್ಲಿಯೇ ಇದೆ. ಸಜ್ಜೆಯಲ್ಲಿ ಕೊಬ್ಬಿನಂಶ ಹೆಚ್ಚು. ಬೀಸಿದ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಕಾಳು ದೂರ ಸಾಗಬಲ್ಲದು, ಹಿಟ್ಟು ಸಾಗಲಾರದು. ಆದ್ದರಿಂದ ಊರಿನ ಗಿರಣಿಯೇ ಈ ಮಾರುಕಟ್ಟೆಯ ಕೇಂದ್ರ.

ನೆರೆಯ ಜಹೀರಾಬಾದ ಭಾಗದ ಅನುಭವ ಇದಕ್ಕೆ ಪೂರಕವಾಗಿದೆ. 1983ರಲ್ಲಿ ಸ್ಥಾಪನೆಗೊಂಡ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು 1990ರ ದಶಕದಲ್ಲಿ ಬೀಳುಭೂಮಿಯನ್ನು ಸಾಗುವಳಿಗೆ ತಂದವು. ಪಡೆದ ನೆರವನ್ನು ಜೋಳದ ರೂಪದಲ್ಲಿ ಹಿಂದಿರುಗಿಸಿ, ಅದನ್ನು ಊರಿನಲ್ಲಿಯೇ ಸಂಗ್ರಹಿಸಿ ಬಡ ಕುಟುಂಬಗಳಿಗೆ ಅಗ್ಗದ ದರದಲ್ಲಿ ಒದಗಿಸಿದವು. ಮೊದಲು ಊಟ, ಅನಂತರ ವ್ಯಾಪಾರ ಎಂಬುದು ಅಲ್ಲಿನ ಕ್ರಮ.

ಬೀದರಿನಲ್ಲಿ ಬೇಡಿಕೆಯನ್ನು ಹೊಸದಾಗಿ ಸೃಷ್ಟಿಸಬೇಕಿಲ್ಲ. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಕುಳಿತು ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಉಣ್ಣುವ ಜನ ಇಲ್ಲಿದ್ದಾರೆ. ಆ ಒಂದು ದಿನದ ಊಟ ವರ್ಷದ ಊಟವಾಗುವಂತೆ ಬೀಜ, ಗಿರಣಿ ಹಾಗೂ ಸಂತೆಗಳನ್ನು ಜೋಡಿಸುವುದೇ ಭಾಲ್ಕಿ, ಔರಾದಗಳ ಸಾವಯವ ಕೃಷಿಗೆ ಭದ್ರ ತಳಹದಿಯಾಗಬಲ್ಲದು.