ಟಯರಿನ ಸವೆತ

ಹಳೆಯದಾದ ಪಾದರಕ್ಷೆಯನ್ನು ಬಿಸುಡುವ ಮುನ್ನ ಒಮ್ಮೆ ತಿರುವಿ ನೋಡಿರಿ. ಅದರ ಹಿಮ್ಮಡಿಯು ಎಲ್ಲ ಕಡೆಗಳಲ್ಲಿಯೂ ಸಮನಾಗಿ ಸವೆದಿರುವುದಿಲ್ಲ. ಒಬ್ಬನದು ಹೊರ ಅಂಚಿನಲ್ಲಿ ತೇದಿದ್ದರೆ ಇನ್ನೊಬ್ಬನದು ಒಳ ಅಂಚಿನಲ್ಲಿ ತೇದಿರುತ್ತದೆ. ಚಪ್ಪಲಿ ಹೊಲಿಯುವ ಅನುಭವಿಯು ಅದನ್ನು ನೋಡಿಯೇ ತೊಟ್ಟವನ ನಡಿಗೆ ಎಂತಹದೆಂದು ಹೇಳಬಲ್ಲನು. ಮೋಟಾರು ಗಾಡಿಯ ಟಯರು ಕೂಡ ಒಂದು ಬಗೆಯ ಪಾದರಕ್ಷೆಯೇ. ಆದರೆ ಅದರ ಸವೆತವನ್ನು ಓದಿ ತಿಳಿಯುವ ಗೋಜಿಗೆ ನಮ್ಮಲ್ಲಿ ಬಹುಮಂದಿ ಹೋಗುವುದಿಲ್ಲ. ಹಳೆಯದನ್ನು ಕಳಚಿ, ಹೊಸದನ್ನು ತೊಡಿಸಿ, ಹಣ ತೆತ್ತು ಮನೆಗೆ ಮರಳುತ್ತಾರೆ.

ದಕ್ಷಿಣ ಕನ್ನಡದ ಬಂಟ್ವಾಳದಿಂದ ಸಿದ್ದಕಟ್ಟೆಯ ಮಾರ್ಗವಾಗಿ ಮೂಡುಬಿದಿರೆಗೆ, ಅಲ್ಲಿಂದ ವೇಣೂರು, ಗುರುವಾಯನಕೆರೆಗಳನ್ನು ಹಾದು ಬೆಳ್ತಂಗಡಿಗೆ, ಮತ್ತೆ ಮಡಂತ್ಯಾರು, ಪುಂಜಾಲಕಟ್ಟೆಗಳ ಮೂಲಕ ಬಂಟ್ವಾಳಕ್ಕೆ ಬಂದರೆ ಒಂದು ತ್ರಿಕೋಣ ಪೂರ್ಣವಾಗುತ್ತದೆ. ಈ ತ್ರಿಕೋಣದೊಳಗೆ ಸಮತಟ್ಟಾದ ನೇರ ರಸ್ತೆ ಅಪರೂಪ. ಗುಡ್ಡವನ್ನು ಬಳಸಿ ಏರುವುದು, ಗದ್ದೆಯ ಬಯಲಿಗೆ ಇಳಿಯುವುದು, ಅಡಿಕೆ ತೋಟದ ಅಂಚಿನಲ್ಲಿ ತಿರುಗುವುದು, ಇದೇ ಇಲ್ಲಿನ ಮಾರ್ಗಗಳ ಸ್ವಭಾವ. ಮಳೆಗಾಲದಲ್ಲಿ ಡಾಮರಿನ ಪಕ್ಕದ ಮಣ್ಣು ಕೊಚ್ಚಿಹೋಗಿ ಅಲ್ಲಲ್ಲಿ ಮೆಟ್ಟಿಲಿನಂತಹ ಕೊರಕಲು ಉಂಟಾಗುತ್ತದೆ. ಎದುರಿನ ಬಸ್ಸಿಗೆ ದಾರಿ ಬಿಡುವ ಕಾರು ಆ ಮೆಟ್ಟಿಲನ್ನು ಇಳಿದು, ಮತ್ತೆ ಹತ್ತಬೇಕು. ಬೆಳ್ತಂಗಡಿಯಿಂದ ಉಜಿರೆಯನ್ನು ದಾಟಿ ಪೂರ್ವಕ್ಕೆ ಸಾಗಿದರೆ ಚಾರ್ಮಾಡಿ ಘಾಟಿಯ ಸುತ್ತುಬಳಸಿನ ತಿರುವುಗಳು ಎದುರಾಗುತ್ತವೆ. ಟಯರಿನ ಗುಣವನ್ನು ಪರೀಕ್ಷಿಸಲು ಇದಕ್ಕಿಂತ ಕಠಿಣವಾದ ಶಾಲೆ ಬೇಕಾಗಿಲ್ಲ.

ಟಯರು ಸವೆಯುವುದು ಹೇಗೆ? ನಿಮ್ಮ ಪೆನ್ಸಿಲಿನ ಗುರುತನ್ನು ಅಳಿಸುವ ರಬ್ಬರನ್ನು ಕಾಗದದ ಮೇಲೆ ಒತ್ತಿ ಎತ್ತಿದರೆ ಪುಡಿ ಉದುರುವುದಿಲ್ಲ; ಉಜ್ಜಿದರೆ ಮಾತ್ರ ಉದುರುತ್ತದೆ. ಟಯರಿನ ಸಂಗತಿಯೂ ಹಾಗೆಯೇ. ಸಾಮಾನ್ಯ ಕಾರಿನ ಚಕ್ರವು ಒಂದು ಕಿಲೋಮೀಟರು ದೂರಕ್ಕೆ ಸುಮಾರು 550 ಸುತ್ತು ಉರುಳುತ್ತದೆ. ಯಾವುದೇ ಕ್ಷಣದಲ್ಲಿ ರಸ್ತೆಯನ್ನು ಮುಟ್ಟುವ ಭಾಗವು ಒಂದು ಅಂಗೈಯಷ್ಟೇ. ಆ ಅಂಗೈಯಗಲದ ರಬ್ಬರು ನೇರವಾಗಿ ಉರುಳಿದರೆ ಸವೆತ ಅಲ್ಪ. ಅಡ್ಡಲಾಗಿ ಎಳೆಯಲ್ಪಟ್ಟರೆ ಅದು ಕಾಗದದ ಮೇಲಿನ ರಬ್ಬರಿನಂತೆಯೇ ಪುಡಿಪುಡಿಯಾಗಿ ಉದುರುತ್ತದೆ.

ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್‌ನು 1888ರಲ್ಲಿ ಗಾಳಿ ತುಂಬಿದ ಟಯರಿಗೆ ಹಕ್ಕುಪತ್ರ ಪಡೆದಂದಿನಿಂದ ಅದರ ಭಾರ ಹೊರುವ ಶಕ್ತಿ ಅಡಗಿರುವುದು ಗಾಳಿಯಲ್ಲಿಯೇ. ಗಾಳಿ ಕಡಿಮೆಯಾದರೆ ಟಯರಿನ ನಡುಭಾಗ ಒಳಕ್ಕೆ ಬಾಗಿ, ಎರಡು ಅಂಚುಗಳೂ ಭಾರ ಹೊತ್ತು ಸವೆಯುತ್ತವೆ. ಗಾಳಿ ಅತಿಯಾದರೆ ನಡುಭಾಗ ಉಬ್ಬಿ ಅದೊಂದೇ ತೇಯುತ್ತದೆ. ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲೇ ಅಳೆಯಬೇಕು. ಘಾಟಿ ಇಳಿದು ಬಂದ ಬಿಸಿ ಟಯರಿನಲ್ಲಿ ಒತ್ತಡ ಹೆಚ್ಚಿರುತ್ತದೆ. ಆಗ ಗಾಳಿ ಬಿಟ್ಟರೆ ಮರುದಿನ ಕೊರತೆಯೇ ಉಳಿಯುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ದೋಷವೊಂದುಂಟು. ನಮ್ಮ ನೆರೆಯ ಗೃಹಸ್ಥರೊಬ್ಬರ ಕಾರಿನ ಮುಂದಿನ ಎರಡು ಟಯರುಗಳು ಒಳ ಅಂಚಿನಲ್ಲಿ ನೂಲು ಕಾಣುವಷ್ಟು ಸವೆದುವು. ಹೊರ ಅಂಚಿನ ಕಚ್ಚುಗಳು ಮಾತ್ರ ಅರ್ಧದಷ್ಟು ಉಳಿದಿದ್ದುವು. ರಬ್ಬರೇ ಕಳಪೆಯೆಂದು ಅಂಗಡಿಯವನು ತೀರ್ಪು ನೀಡಿದನು. ಹೊಸ ಜೋಡಿಯೂ ವರ್ಷ ತುಂಬುವ ಮೊದಲೇ ಅದೇ ಗತಿಯನ್ನು ಕಂಡಿತು. ಕೊನೆಗೆ ಅಳತೆಯ ಯಂತ್ರದಲ್ಲಿಟ್ಟು ನೋಡಿದಾಗ, ಮುಂದಿನ ಚಕ್ರಗಳೆರಡೂ ತುಸು ಹೊರಕ್ಕೆ ಮುಖಮಾಡಿದ್ದುದು ತಿಳಿದುಬಂದಿತು. ಯಾವುದೋ ಹೊಂಡಕ್ಕೆ ಬಿದ್ದಾಗ ಚಕ್ರವನ್ನು ತಿರುಗಿಸುವ ಸರಳು ಬಾಗಿತ್ತು. ಎರಡು ಜೋಡಿ ಟಯರುಗಳ ಬೆಲೆಯಲ್ಲಿ ಮಕ್ಕಳ ಒಂದು ವರ್ಷದ ಪುಸ್ತಕ, ಬಟ್ಟೆಗಳ ಖರ್ಚು ಸಾಗುತ್ತಿತ್ತೆಂದು ಅವರ ಮಡದಿ ಹೇಳಿದ್ದು ನ್ಯಾಯವೇ ಆಗಿತ್ತು.

ಲೆಕ್ಕ ಹಾಕಿ ನೋಡೋಣ. ಚಕ್ರವು ನೇರ ದಿಕ್ಕಿನಿಂದ ಕಾಲು ಡಿಗ್ರಿಯಷ್ಟು ಮಾತ್ರ ಓರೆಯಾಗಿದೆಯೆಂದು ಇಟ್ಟುಕೊಳ್ಳಿರಿ. ಕಣ್ಣಿಗೆ ಅದು ಕಾಣದು. ಆದರೂ ಕಿಲೋಮೀಟರು ಒಂದಕ್ಕೆ ಆ ಚಕ್ರವು ಸುಮಾರು 4.4 ಮೀಟರಿನಷ್ಟು ಅಡ್ಡಕ್ಕೆ ಎಳೆಯಲ್ಪಡುತ್ತದೆ. 10,000 ಕಿಲೋಮೀಟರು ಓಡಿದಾಗ ಈ ಅಡ್ಡ ಎಳೆತವು 43 ಕಿಲೋಮೀಟರನ್ನು ಮೀರುತ್ತದೆ! ಹೀಗೆ ಉಜ್ಜಿದ ಟಯರಿನ ಮೈಮೇಲೆ ಅಂಗೈಯನ್ನು ಅಡ್ಡಲಾಗಿ ಸವರಿದರೆ, ಮೀನನ್ನು ಸವರಿದಂತೆ, ಒಂದು ದಿಕ್ಕಿನಲ್ಲಿ ನುಣುಪೂ ಇನ್ನೊಂದು ದಿಕ್ಕಿನಲ್ಲಿ ಒರಟೂ ತಗಲುತ್ತದೆ. ಯಂತ್ರಕ್ಕೂ ಮೊದಲು ಸತ್ಯವನ್ನು ಹೇಳಬಲ್ಲ ಸಾಧನ ನಮ್ಮ ಕೈಯೇ. ಆದರೆ ಉಕ್ಕಿನ ತಂತಿ ಹೊರಬಂದ ಟಯರನ್ನು ಮಾತ್ರ ಸವರಬಾರದು.

ಚಕ್ರವು ನೆಟ್ಟಗೆ ನಿಲ್ಲದೆ ವಾಲಿದರೆ ಒಂದೇ ಪಕ್ಕ ಸವೆಯುತ್ತದೆ. ಕುಲುಕನ್ನು ತಡೆಯುವ ಶಾಕ್ ಅಬ್ಸಾರ್ಬರು ದುರ್ಬಲವಾದರೆ ಚಕ್ರವು ಪುಟಿದು ಪುಟಿದು ಅಲ್ಲಲ್ಲಿ ಬಟ್ಟಲಿನಂತಹ ತಗ್ಗುಗಳನ್ನು ಮಾಡುತ್ತದೆ.

ಹಾಗೆಂದು ಸವೆತವೆಲ್ಲವೂ ದೋಷದ ಗುರುತಲ್ಲ. ಘಾಟಿಯ ತಿರುವಿನಲ್ಲಿ ಕಾರನ್ನು ತಿರುಗಿಸುವುದು ಮುಂದಿನ ಚಕ್ರಗಳೇ; ಇಳಿಜಾರಿನಲ್ಲಿ ಬ್ರೇಕು ಹಾಕಿದಾಗ ಭಾರವು ಬೀಳುವುದೂ ಅವುಗಳ ಮೇಲೆಯೇ. ಹಿಂದಿನ ಅಂಬಾಸಡರಿನಲ್ಲಿ ಎಂಜಿನ್ನಿನ ಶಕ್ತಿಯು ಹಿಂಚಕ್ರಗಳಿಗೆ ಹೋಗುತ್ತಿತ್ತು. 1983ರಲ್ಲಿ ಬಂದ ಮಾರುತಿ 800ರಲ್ಲಿ ಅದು ಮುಂಚಕ್ರಗಳಿಗೆ ದೊರೆಯಿತು. ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲು ಅದೇ ಬಗೆಯವು. ಎಳೆಯುವುದು, ತಿರುಗಿಸುವುದು, ತಡೆಯುವುದು ಎಂಬ ಮೂರು ಕೆಲಸಗಳು ಒಂದೇ ಜೋಡಿಯ ಪಾಲಿಗೆ ಬಂದುದರಿಂದ ಅದು ಬೇಗ ಸವೆಯುವುದು ಸಹಜ. ಆದುದರಿಂದಲೇ ಸುಮಾರು 10,000 ಕಿಲೋಮೀಟರಿಗೊಮ್ಮೆ ಮುಂದಿನ ಮತ್ತು ಹಿಂದಿನ ಟಯರುಗಳನ್ನು ಅದಲುಬದಲು ಮಾಡುವ ರೂಢಿಯಿದೆ.

ಹಣದ ನಷ್ಟವಷ್ಟೇ ಆಗಿದ್ದರೆ ಇಷ್ಟು ವಿವರಿಸಬೇಕಾಗಿರಲಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ಜಿಲ್ಲೆಯಿದು. ಟಯರಿನ ಕಚ್ಚುಗಳು ರಸ್ತೆಯ ನೀರನ್ನು ಪಕ್ಕಕ್ಕೆ ಸಾಗಿಸುವ ಕಾಲುವೆಗಳು. ಅವು ಅಳಿಸಿಹೋದರೆ, ವೇಗದಲ್ಲಿ ನೀರು ಟಯರಿನ ಅಡಿಗೆ ನುಗ್ಗಿ ಅದನ್ನು ರಸ್ತೆಯಿಂದ ಎತ್ತಿಬಿಡುತ್ತದೆ. ಆಗ ಬ್ರೇಕಿಗೂ ಬೆಲೆಯಿಲ್ಲ, ಸ್ಟಿಯರಿಂಗಿಗೂ ಬೆಲೆಯಿಲ್ಲ. ಕಾರಿನ ಟಯರಿನಲ್ಲಿ ಕಚ್ಚಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿರಬಾರದೆಂದು ನಮ್ಮ ಕಾನೂನು ವಿಧಿಸಿದೆ. ಕಚ್ಚಿನ ತಳದಲ್ಲಿರುವ ಸಣ್ಣ ದಿಂಡುಗಳು ಹೊರಮೈಗೆ ಸಮನಾದಾಗ ಆ ಮಿತಿ ತಲುಪಿತೆಂದು ತಿಳಿಯಬೇಕು. ಕಾರಿನ ಪಕ್ಕದಲ್ಲಿ ನಿಂತು ನೋಡುವವರಿಗೆ ಹೊರ ಅಂಚು ಮಾತ್ರ ಕಾಣುತ್ತದೆ. ಒಳ ಅಂಚು ಬೋಳಾಗಿದ್ದರೂ ತಿಳಿಯದು. ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ನಿಲ್ಲಿಸಿದರೆ, ಮುಂದಿನ ಚಕ್ರದ ಆ ಮರೆಯಾದ ಭಾಗವು ಬೆಳಕಿಗೆ ಬರುತ್ತದೆ.