ಎರೆ ಬಿರುಕಿನ ಇಲಿ

ರಾಣೆಬೆನ್ನೂರು ಸೀಮೆಯಲ್ಲಿ ಎರೆಹೊಲವೂ ಉಂಟು, ಕೆಂಪು ಮಸಾರಿಯೂ ಉಂಟು, ಮುಳ್ಳುಕಂಟಿಯ ಕುರುಚಲೂ ಉಂಟು. ಒಂದೊಂದು ನೆಲಕ್ಕೆ ಒಂದೊಂದು ಬಗೆಯ ಇಲಿ ಎಂಬುದನ್ನು ಬರೆದಿಟ್ಟವನು ವಾಲ್ಟರ್ ಎಲಿಯಟ್. 1824ರ ಕಿತ್ತೂರು ಕಾಳಗದಲ್ಲಿ ಸೆರೆಸಿಕ್ಕು ಬದುಕಿ ಬಂದ ಕಂಪನಿ ಅಧಿಕಾರಿ ಈತ. ಹಾವೇರಿ, ರಾಣೆಬೆನ್ನೂರು ಆಗ ಧಾರವಾಡಕ್ಕೆ ಸೇರಿದ್ದವು.

ಧಾರವಾಡದ ಕೆಲವು ಇಲಿಗಳಿಗೆ 1837ರಲ್ಲಿ ಲಂಡನ್ನಿನ ಜಾನ್ ಎಡ್ವರ್ಡ್ ಗ್ರೇ ವೈಜ್ಞಾನಿಕ ಹೆಸರಿಟ್ಟ. ತೊಗಲು, ಹಲ್ಲು ನೋಡಿದರೆ ಅಷ್ಟು ಸಾಧ್ಯ. ಬದುಕು ತಿಳಿಯಬೇಕಾದರೆ ಬಿಲವನ್ನೇ ಅಗೆಯಬೇಕು. ಅಗೆಯಬಲ್ಲವರು ಕೆರೆ ತೋಡುತ್ತಿದ್ದ ಒಡ್ಡರು; ಇಲಿ ಅವರಿಗೆ ಆಹಾರವೂ ಆಗಿತ್ತು. ಮದರಾಸಿನ ಪತ್ರಿಕೆಯಲ್ಲಿ 1839ರಲ್ಲಿ ಬಂದ ಎಲಿಯಟ್‌ನ ಪ್ರಾಣಿಪಟ್ಟಿಯಲ್ಲಿ ಅವರು ಕರೆಯುತ್ತಿದ್ದ ಹೆಸರುಗಳೂ ಉಳಿದಿವೆ. ಈ ಶೋಧದಲ್ಲಿ ಅವರ ಪಾಲು ದೊಡ್ಡದೆಂದೇ ನನ್ನ ಎಣಿಕೆ.

'ಲೆಗ್ಗಡೆ' ಕೆಂಪು ಗರಸಿನ ದಂಡೆಯಲ್ಲಿ ಬಿಲ ತೋಡಿ, ಬಾಯಿಗೆ ಸಣ್ಣ ಹರಳುಗಳನ್ನು ಒಟ್ಟಿ ಮುಚ್ಚುತ್ತದೆ. ಒಳಗೂ ಹರಳಿನದೇ ಹಾಸಿಗೆ. 'ಗುಳಂದಿ' ದಟ್ಟ ಪೊದೆಯಲ್ಲಿ ಒಣಹುಲ್ಲು ಹೆಣೆದು ಗೂಡು ಕಟ್ಟುತ್ತದೆ. ಪೊದೆಯ ಸುತ್ತ ಅದು ಓಡಾಡಿದ ಸಣ್ಣ ಹಾದಿಗಳು ಕಾಣುತ್ತವೆ. 'ಕೋಕ್' ಆಳದ ಬಿಲದಲ್ಲಿ ಕಾಳು ಕೂಡಿಡುತ್ತದೆ.

'ಮೆಟ್ಟಡೆ' ಮಾತ್ರ ಹೊಲ ಬಿಟ್ಟು ಹೋಗದು, ಆದರೆ ಬಿಲ ತೋಡುವುದರಲ್ಲಿ ಸೋಮಾರಿ. ಕಲ್ಲುಗುಪ್ಪೆ, ಕೋಕ್ ಬಿಟ್ಟುಹೋದ ಬಿಲ, ಬೇಸಿಗೆಯಲ್ಲಿ ಎರೆ ಬಾಯಿಬಿಟ್ಟ ಬಿರುಕು, ಯಾವುದಾದರೂ ಆದೀತು. ಮುಂಗಾರು ಬಿದ್ದೊಡನೆ ಎರೆ ಉಬ್ಬಿ ಬಿರುಕು ಕೂಡಿಕೊಳ್ಳುತ್ತದೆ, ಒಳಗಿದ್ದವು ಲೆಕ್ಕವಿಲ್ಲದಷ್ಟು ಸಾಯುತ್ತವೆ.

1826ರಲ್ಲಿ ಮುಂಗಾರಿನ ಮೊದಲ ಮಳೆ ಸಾಲದಾಯಿತು. ಮಳೆ ಸಾಲದಿದ್ದರೆ ಬಿರುಕು ಕೂಡಿಕೊಳ್ಳದು, ಒಳಗಿದ್ದವು ಸಾಯವು. ಮೆಟ್ಟಡೆ ವಿಪರೀತ ಹೆಚ್ಚಿದವು. ಬಿತ್ತಿದ ಬೀಜ ಬಿತ್ತಿದಲ್ಲೇ ಮಾಯ. ಉಳಿದ ಜೋಳ ಕಾಳುಗಟ್ಟುವಾಗ ದಂಟು ಹತ್ತಿ ತೆನೆ ಕತ್ತರಿಸಿ ಕೆಡವಿದವು. ರೈತರಿಗೆ ಕಂದಾಯ ಕಟ್ಟಲೂ ಆಗಲಿಲ್ಲ. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಗೊತ್ತುಮಾಡಿ ಒಡ್ಡರನ್ನು ಕರೆಸಿದರು. ಅವರು ಸಾವಿರಗಟ್ಟಲೆ ಕೊಂದರೂ ಇಲಿಗಳು ಕಡಿಮೆಯಾದಂತೆ ಕಾಣಲಿಲ್ಲ. ಬಿರುಕಿನ ವಾಸವೂ ಆ ವರ್ಷದ ಹಾವಳಿಯೂ ಎಲಿಯಟ್‌ನ ಬರಹದಲ್ಲಿ ಅಕ್ಕಪಕ್ಕದಲ್ಲೇ ಸಿಗುತ್ತವೆ. ಅದೇ ಅವನ ನಿಜವಾದ ಶೋಧ.

ಎರೆಹೊಲದ ರೈತರಿಗೆ ಒಂದು ಮಾತು: ಮುಂಗಾರು ತಡವಾದ ವರ್ಷ ಬಿತ್ತುವ ಮೊದಲು ಬಿರುಕುಗಳನ್ನೂ ಬದುವಿನ ಕಲ್ಲುಗುಪ್ಪೆಗಳನ್ನೂ ಒಮ್ಮೆ ನೋಡಿಕೊಳ್ಳಿ.