ಗಂಟೆಗೆ ಹದಿನೈದು ಕಿಲೋಮೀಟರಿನ ಸೈಕಲ್

ಯಾವ ಊರಿನ ಸೈಕಲ್ ಅಂಗಡಿಗಾದರೂ ಹೋಗಿ, ಹತ್ತು ಸಾವಿರ ರೂಪಾಯಿ ಆಚೀಚೆಯದ್ದೊಂದು ತೋರಿಸಿ ಎಂದರೆ ಮೊದಲು ಹೊರಗೆ ಬರುವುದು ಬೆಟ್ಟ ಹತ್ತುವ ಸೈಕಲ್. ದಪ್ಪ ಟೈರು, ಟೈರಿನ ತುಂಬ ಗುಬುಟುಗಳು, ಮುಂದಿನ ಫೋರ್ಕಿಗೆ ಸ್ಪ್ರಿಂಗು, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಫ್ರೇಮಿನ ಮೇಲೆ ಮಿಂಚು ಹೊಡೆದಂಥ ಸ್ಟಿಕ್ಕರು, ಜೊತೆಗೆ ‘21 ಸ್ಪೀಡ್’ ಎಂಬ ಬರಹ. ಕೊಳ್ಳಲು ಬಂದವರಿಗೆ ಬೇಕಿದ್ದುದು ಮೆಟ್ರೊ ಸ್ಟೇಷನ್ನಿನವರೆಗೆ ಹೋಗಲು, ತರಕಾರಿ ತರಲು, ಭಾನುವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಲು. ಎದುರಿಗೆ ನಿಂತಿರುವ ಯಂತ್ರವೋ ಮುಳ್ಳಯ್ಯನಗಿರಿಯ ಇಳಿಜಾರಿಗೆ ವೇಷ ಕಟ್ಟಿಕೊಂಡಿದೆ. ವೇಷ ಅಂದದ್ದು ಬೇಕೆಂದೇ. ನಿಜವಾಗಿ ಆ ಇಳಿಜಾರಿಗೆ ಬಿಟ್ಟರೆ ಈ ಬೆಲೆಯ ಸೈಕಲ್ ಹೆಚ್ಚು ದಿನ ಬಾಳುವುದಿಲ್ಲ.

ಯಾವ ಕಂಪನಿಯ ಯಾವ ಮಾದರಿ ಒಳ್ಳೆಯದು ಎಂದು ಇಲ್ಲಿ ಹೇಳಹೊರಟಿಲ್ಲ. ಮಾದರಿಗಳು ವರ್ಷ ವರ್ಷವೂ ಬದಲಾಗುತ್ತವೆ. ಬದಲಾಗದಿರುವುದು ಊರೊಳಗೆ ಆರಾಮವಾಗಿ ತುಳಿಯುವವರ ವೇಗ. ಅದು ಹೆಚ್ಚುಕಡಿಮೆ ಗಂಟೆಗೆ 15 ಕಿಲೋಮೀಟರು. ಆ ವೇಗದಲ್ಲಿ ಕಾಲಿನ ಶಕ್ತಿ ಎಲ್ಲೆಲ್ಲಿ ಖರ್ಚಾಗುತ್ತದೆ ಎಂದು ನೋಡಿದರೆ, ಕಿಸೆಯ ದುಡ್ಡು ಎಲ್ಲಿ ಖರ್ಚಾಗಬೇಕು ಎನ್ನುವುದೂ ತಿಳಿಯುತ್ತದೆ.

ಸವಾರ 70 ಕಿಲೋ, ಸೈಕಲ್ 16 ಕಿಲೋ ಎಂದಿಟ್ಟುಕೊಳ್ಳಿ. ನೆಟ್ಟಗೆ ಕೂತು, ಸಮತಟ್ಟಾದ ಡಾಂಬರು ರಸ್ತೆಯಲ್ಲಿ 15ರ ವೇಗದಲ್ಲಿ ಹೋಗುವಾಗ ಎದುರಿನ ಗಾಳಿಯನ್ನು ಸರಿಸಲು ಸುಮಾರು 24 ವಾಟ್ ಬೇಕು. (ಇದು ಬೆಂಗಳೂರಿನ ಲೆಕ್ಕ. 900 ಮೀಟರಿಗೂ ಎತ್ತರದಲ್ಲಿರುವ ಊರಾದ್ದರಿಂದ ಅಲ್ಲಿಯ ಗಾಳಿ ಮಂಗಳೂರಿಗಿಂತ ಸುಮಾರು ಹತ್ತನೇ ಒಂದು ಪಾಲು ತೆಳು. ಅಲ್ಲಿನ ಸವಾರರಿಗೆ ಹೋಲಿಸಿದರೆ ಬೆಂಗಳೂರಿನವರಿಗೆ ಸಿಕ್ಕಿರುವ ಒಂದೇ ರಸ್ತೆ ಸೌಲಭ್ಯ ಇದಿರಬಹುದು.) ನುಣುಪಾದ, ಸರಿಯಾಗಿ ಗಾಳಿ ತುಂಬಿದ ಟೈರಾದರೆ ಅದನ್ನು ಉರುಳಿಸುವುದಕ್ಕೆ 21 ವಾಟ್. ಅಲ್ಲಿಗೆ ಒಟ್ಟು 45. ಅದೇ ಜಾಗದಲ್ಲಿ ಗುಬುಟಿನ ಟೈರು, ಅದೂ ಗಾಳಿ ಅರ್ಧ ಇಳಿದದ್ದಾದರೆ, ಉರುಳಿಸುವ ಖರ್ಚೊಂದೇ 42 ವಾಟಿಗೆ ಏರಬಹುದು. ಒಟ್ಟು 66. ದಾರಿಯೂ ಅದೇ, ವೇಗವೂ ಅದೇ, ಬೆವರು ಮಾತ್ರ ಒಂದೂವರೆ ಪಟ್ಟು.

ಸ್ಪರ್ಧೆಯ ಸವಾರರ ಕಥೆ ಬೇರೆ. ಗಾಳಿ ಬೇಡುವ ಶಕ್ತಿ ವೇಗದ ಘನದಂತೆ ಬೆಳೆಯುವುದರಿಂದ 30ರ ವೇಗದಲ್ಲಿ ಆ 24 ವಾಟು ಎಂಟು ಪಟ್ಟಾಗಿ 190 ದಾಟುತ್ತದೆ. ಅಲ್ಲಿ ಬಾಗಿದ ಹ್ಯಾಂಡಲಿಗೆ, ಮೈಗಂಟಿದ ಬಟ್ಟೆಗೆ ಅರ್ಥವಿದೆ. ನಮ್ಮ ವೇಗದಲ್ಲಿ ಲೆಕ್ಕ ತೀರ್ಮಾನವಾಗುವುದು ಟೈರಿನಲ್ಲಿ.

ಟೈರು ಶಕ್ತಿ ತಿನ್ನುವುದು ನೆಲಕ್ಕೆ ಉಜ್ಜಿ ಅಲ್ಲ, ಬಾಗಿ ಬಾಗಿ ನೆಟ್ಟಗಾಗುವುದರಿಂದ. ಹಿಂದಿನ ಚಕ್ರದ ಮೇಲೆ 50 ಕಿಲೋ ಭಾರವಿದ್ದು, ಒಳಗಿನ ಗಾಳಿಯ ಒತ್ತಡ 50 ಪಿಎಸ್‌ಐ ಇದ್ದರೆ ನೆಲಕ್ಕೆ ತಾಗುವ ರಬ್ಬರಿನ ಪಟ್ಟಿ ಸುಮಾರು 14 ಚದರ ಸೆಂಟಿಮೀಟರು. ಒತ್ತಡ ಅರ್ಧಕ್ಕಿಳಿದರೆ ಪಟ್ಟಿ ಎರಡರಷ್ಟಾಗುತ್ತದೆ. ಚಕ್ರ ತಿರುಗಿದಂತೆಲ್ಲ ಅಷ್ಟು ರಬ್ಬರು ಚಪ್ಪಟೆಯಾಗಿ ಮತ್ತೆ ದುಂಡಗಾಗಬೇಕು. ಬಾಗಿಸಲು ಕೊಟ್ಟ ಶಕ್ತಿಯನ್ನು ರಬ್ಬರು ಪೂರ್ತಿ ವಾಪಸು ಕೊಡುವುದಿಲ್ಲ, ಒಂದಷ್ಟನ್ನು ಬಿಸಿಯಾಗಿ ಕಳೆಯುತ್ತದೆ. ಗುಬುಟುಗಳಿದ್ದರೆ ಒಂದೊಂದು ಗುಬುಟೂ ಪ್ರತ್ಯೇಕವಾಗಿ ಬಾಗಿ ತನ್ನ ಪಾಲು ವಸೂಲಿ ಮಾಡುತ್ತದೆ. ಮಣ್ಣಿನಲ್ಲಿ ಅವು ಕಚ್ಚಿ ಹಿಡಿಯುತ್ತವೆ, ಆಗ ಕೊಟ್ಟದ್ದಕ್ಕೆ ಪ್ರತಿಫಲವಿದೆ. ಡಾಂಬರಿನ ಮೇಲೆ ಗುಂಯ್ ಎನ್ನುವ ಸದ್ದಷ್ಟೇ ಲಾಭ.

ಹಾಗೆಂದು ರೇಸ್ ಸೈಕಲ್ಲಿನ ಸಪೂರ ಟೈರಿಗೆ ಹೋಗಬೇಕಿಲ್ಲ. ಒಂದು ಹೊಂಡ ಸಾಕು, ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಜೋಡಿ ತೂತು ಬೀಳುತ್ತದೆ. ಊರಿನ ರಸ್ತೆಗೆ 35ರಿಂದ 42 ಮಿಲಿಮೀಟರ್ ಅಗಲದ, ಹೆಚ್ಚು ಗುಬುಟಿಲ್ಲದ ಟೈರು ಹದ. ಅಂಗಡಿಯಲ್ಲಿ ‘ಹೈಬ್ರಿಡ್’ ಅಥವಾ ‘ಸಿಟಿ’ ಎಂದು ಕರೆಯುವ ಸೈಕಲ್‌ಗಳಿಗೆ ಇರುವುದು ಇಂಥದ್ದೇ. ಬೆಟ್ಟದ ಸೈಕಲ್ಲೇ ಇಷ್ಟವಾದರೆ ಅದರ ಟೈರು ಬದಲಿಸಿ ನುಣುಪಿನದು ಹಾಕಿಸಿಕೊಳ್ಳಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಗುಣ ಕೊಡುವ ರಿಪೇರಿ ಸೈಕಲ್‌ಲೋಕದಲ್ಲಿ ಇನ್ನೊಂದಿಲ್ಲ.

ಇನ್ನು ಸ್ಪ್ರಿಂಗಿನ ಫೋರ್ಕು. ಗುಂಡಿಗಳ ಊರಿಗೆ ಅದು ಬೇಡವೇ ಎಂಬ ಪ್ರಶ್ನೆ ಸಹಜ. ಇತಿಹಾಸದಲ್ಲಿ ಇದಕ್ಕೆ ಉತ್ತರವಿದೆ. 1870ರ ದಶಕದ ಸೈಕಲ್‌ಗಳ ಮುಂಚಕ್ರ ಆಳೆತ್ತರ ಇರುತ್ತಿತ್ತು. ಪೆಡಲು ನೇರ ಚಕ್ರಕ್ಕೇ ಕೂತಿದ್ದರಿಂದ ವೇಗ ಬೇಕೆಂದರೆ ಚಕ್ರವನ್ನೇ ದೊಡ್ಡದು ಮಾಡಬೇಕಿತ್ತು. ಗಟ್ಟಿ ರಬ್ಬರಿನ ಟೈರು ರಸ್ತೆಯ ಕುಲುಕನ್ನೆಲ್ಲ ಬೆನ್ನಿಗೆ ತಲುಪಿಸುತ್ತಿದ್ದುದರಿಂದಲೂ ದೊಡ್ಡ ಚಕ್ರ ಬೇಕಿತ್ತು, ಅದು ಗುಂಡಿಗೆ ಅಷ್ಟಾಗಿ ಇಳಿಯದು. ಮೊದಲ ಕಾರಣವನ್ನು ಚೈನು ತೆಗೆದುಹಾಕಿತು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಂದ ‘ರೋವರ್’ ಹಿಂಚಕ್ರಕ್ಕೆ ಚೈನು ಹಾಕಿಕೊಂಡು ಇವತ್ತಿನ ರೂಪಕ್ಕೆ ಬಂತು. ಎರಡನೆಯದನ್ನು ತೆಗೆದದ್ದು ಗಾಳಿ. ಬೆಲ್‌ಫಾಸ್ಟಿನಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಮಾಡಿ ಕೊಟ್ಟು, 1888ರಲ್ಲಿ ಪೇಟೆಂಟ್ ಪಡೆದರು. ಕೆಲವೇ ವರ್ಷಗಳಲ್ಲಿ ಆಳೆತ್ತರದ ಚಕ್ರ ಬೀದಿಯಿಂದಲೇ ಮಾಯವಾಯಿತು. ಸೈಕಲ್ಲಿನ ಅಸಲು ಸಸ್ಪೆನ್ಷನ್ ಅಂದರೆ ಟೈರಿನೊಳಗಿನ ಗಾಳಿಯೇ.

ಬೆಲೆಬಾಳುವ ಸಸ್ಪೆನ್ಷನ್ ಫೋರ್ಕಿನಲ್ಲಿ ಸ್ಪ್ರಿಂಗಿನ ಜೊತೆಗೆ ಅದರ ಕುಣಿತವನ್ನು ತಡೆಯುವ ಎಣ್ಣೆಯ ವ್ಯವಸ್ಥೆ ಇರುತ್ತದೆ. ಅಗ್ಗದ್ದರಲ್ಲಿ ಸ್ಪ್ರಿಂಗಷ್ಟೇ. ಏರಿನಲ್ಲಿ ಎದ್ದು ನಿಂತು ತುಳಿದರೆ ಫೋರ್ಕು ಕೆಳಗೆ ಮೇಲೆ ಆಡುತ್ತ ಕಾಲಿನ ಶಕ್ತಿಯನ್ನು ತಾನು ನುಂಗುತ್ತದೆ. ಒಂದು ಕಿಲೋಗಿಂತ ಹೆಚ್ಚೇ ತೂಕ ಬೇರೆ. ಎರಡು ಮಳೆಗಾಲ ಕಳೆದ ಮೇಲೆ ಬಹಳಷ್ಟು ಫೋರ್ಕುಗಳು ತುಕ್ಕು ಹಿಡಿದು ಅಲ್ಲಾಡುವುದನ್ನೇ ನಿಲ್ಲಿಸುತ್ತವೆ. ಆಗ ಸೈಕಲ್ ಮೊದಲಿಗಿಂತ ಚೆನ್ನಾಗಿ ಹೋಗುತ್ತದೆ ಎನ್ನುವುದು ಬೇರೆ ಮಾತು. ಸ್ಪ್ರಿಂಗಿಲ್ಲದ ಫೋರ್ಕಿನ ಸೈಕಲ್ ಅದೇ ಬೆಲೆಗೆ ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ಆರಿಸಬಹುದು. ಉಳಿದ ದುಡ್ಡನ್ನು ತಯಾರಕರು ಎಲ್ಲಾದರೂ ಉಪಯೋಗವಿರುವ ಕಡೆ ಹಾಕಿರುವ ಸಾಧ್ಯತೆ ಇದೆ.

21 ಗೇರಿನ ಲೆಕ್ಕವನ್ನೂ ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಮುಂದೆ ಮೂರು ತಟ್ಟೆ, ಸಾಮಾನ್ಯವಾಗಿ 42, 34, 24 ಹಲ್ಲಿನವು. ಹಿಂದೆ ಏಳು, 14ರಿಂದ 28 ಹಲ್ಲಿನವರೆಗೆ. ಮೂರೇಳ್ಲಿ ಇಪ್ಪತ್ತೊಂದು, ಸರಿ. ಆದರೆ ದೊಡ್ಡ ತಟ್ಟೆಯಿಂದ 28ಕ್ಕೆ ಹಾಕಿದರೂ, ಚಿಕ್ಕ ತಟ್ಟೆಯಿಂದ 16ಕ್ಕೆ ಹಾಕಿದರೂ ಪೆಡಲಿನ ಒಂದು ಸುತ್ತಿಗೆ ಚಕ್ರ ತಿರುಗುವುದು ಒಂದೂವರೆ ಸುತ್ತೇ. ಹೀಗೆ ಒಂದರ ಮೇಲೊಂದು ಬೀಳುವ ಜೋಡಿಗಳು ಹಲವು. ಚೈನು ಮುಂದೆ ಈ ತುದಿ, ಹಿಂದೆ ಆ ತುದಿ ಎಂದು ಓರೆಯಾಗಿ ಓಡಿ ಸವೆಯುವುದರಿಂದ ಬಳಸಬಾರದ ಜೋಡಿಗಳು ಇನ್ನು ಕೆಲವು. ಅವನ್ನೆಲ್ಲ ಕಳೆದರೆ ಹತ್ತೋ ಹನ್ನೆರಡೋ ಉಳಿಯುತ್ತವೆ. ಮುಂದೆ ಒಂದೇ ತಟ್ಟೆ, ಹಿಂದೆ ಏಳು ಇರುವ ಸೈಕಲ್ ಊರಿಗೆ ಧಾರಾಳವಾಯಿತು. ಚೈನನ್ನು ತಟ್ಟೆಯಿಂದ ತಟ್ಟೆಗೆ ಸರಿಸುವ ಡಿರೇಲರ್, ಕೆಡಲು ಒಂದು ಕಮ್ಮಿ.

ಗೇರೇ ಬೇಡವೇ? ಊರು ನೋಡಿ ಹೇಳಬೇಕು. ಹಳೆಯ ಕಪ್ಪು ಸೈಕಲ್ಲಿಗೆ ಮುಂದೆ 44, ಹಿಂದೆ 18 ಹಲ್ಲಿದ್ದರೆ ಒಂದು ತುಳಿತದ ಸುತ್ತಿಗೆ ಐದು ಮೀಟರಿಗಿಂತ ತುಸು ಹೆಚ್ಚು ದೂರ. ನಿಮಿಷಕ್ಕೆ 50 ಸುತ್ತು ತುಳಿದರೆ 16ರ ವೇಗ. ದಾವಣಗೆರೆ, ರಾಯಚೂರು, ವಿಜಯಪುರದ ಬೀದಿಗಳಿಗೆ ಇದಕ್ಕಿಂತ ಹೆಚ್ಚೇನೂ ಬೇಡ. ಮಂಗಳೂರಿನಲ್ಲಿ ಕದ್ರಿಯ ಕಡೆ ಏರಬೇಕಾದರೆ, ಮಡಿಕೇರಿಯಲ್ಲಿ ಎಲ್ಲಿಗೇ ಹೋಗಬೇಕಾದರೂ, ಗೇರಿಲ್ಲದೆ ತಳ್ಳಿಕೊಂಡೇ ಹೋಗಬೇಕಾದೀತು. ಬೆಂಗಳೂರು, ಮೈಸೂರು ನಡುವಿನವು.

ತೂಕದ ವಿಷಯಕ್ಕೆ ಅಂಗಡಿಯವರು ಬಹಳ ಒತ್ತು ಕೊಡುತ್ತಾರೆ, ಎರಡು ಬೆರಳಲ್ಲಿ ಎತ್ತಿ ತೋರಿಸುತ್ತಾರೆ. 15ರ ವೇಗದಿಂದ ಬ್ರೇಕ್ ಹಾಕಿ ನಿಂತು ಮತ್ತೆ ಹೊರಟರೆ ಆಗುವ ನಷ್ಟ, ಸವಾರ-ಸೈಕಲ್ ಎರಡನ್ನೂ ಸುಮಾರು 90 ಸೆಂಟಿಮೀಟರ್ ಮೇಲಕ್ಕೆ ಎತ್ತಿದಷ್ಟು. ಅಂದರೆ ಪ್ರತಿ ಕೆಂಪು ಸಿಗ್ನಲ್ಲೂ ಮೂರಡಿಯ ಒಂದು ದಿಬ್ಬ. ಇದು ಸಣ್ಣದಲ್ಲ. ಆದರೆ ಸೈಕಲ್ ಎರಡು ಕಿಲೋ ಹಗುರಾದರೆ ಈ ಖರ್ಚಿನಲ್ಲಿ ಉಳಿಯುವುದು ನೂರಕ್ಕೆ ಎರಡು ಪಾಲು ಅಷ್ಟೇ, ಏಕೆಂದರೆ ಭಾರದ ಬಹುಪಾಲು ಸವಾರರದ್ದೇ. ಮೂರನೇ ಮಹಡಿಗೆ ದಿನಾ ಹೊತ್ತು ಏರಿಸಬೇಕಾದವರು ಮಾತ್ರ ಹಗುರ ಅಲ್ಯೂಮಿನಿಯಂ ಫ್ರೇಮಿಗೆ ಹೆಚ್ಚು ಕೊಡಲಿ. ಉಳಿದವರಿಗೆ ಉಕ್ಕಿನದು ಸಾಕು. ಕರಾವಳಿಯಲ್ಲಾದರೆ ಉಪ್ಪುಗಾಳಿಗೆ ತುಕ್ಕು ಬೇಗ, ಅಲ್ಲಿ ಅಲ್ಯೂಮಿನಿಯಂ ವಾಸಿ.

ಡಿಸ್ಕ್ ಬ್ರೇಕಿನ ಬಗ್ಗೆ ಇರುವ ಭಕ್ತಿ ಮೋಟಾರ್‌ಸೈಕಲ್ಲಿನಿಂದ ಬಂದದ್ದು. ನಿಜ ನೋಡಿದರೆ ರಿಮ್ಮೂ ಒಂದು ಡಿಸ್ಕೇ, ಅರವತ್ತು ಸೆಂಟಿಮೀಟರ್ ಅಗಲದ್ದು. ಸೈಕಲ್ಲಿನ ಡಿಸ್ಕು 16 ಸೆಂಟಿಮೀಟರ್. ಅಂಚಿನಲ್ಲಿ ಹಿಡಿಯುವುದಕ್ಕಿಂತ ಕೇಂದ್ರದ ಹತ್ತಿರ ಹಿಡಿದು ನಿಲ್ಲಿಸಲು ಸುಮಾರು ನಾಲ್ಕು ಪಟ್ಟು ಬಲ ಬೇಕು. ಒಳ್ಳೆಯ ಡಿಸ್ಕ್ ಬ್ರೇಕು ಅದನ್ನು ಕೊಡುತ್ತದೆ, ಮಳೆ ಕೆಸರಿನಲ್ಲೂ ಕೈಬಿಡುವುದಿಲ್ಲ. ಅಗ್ಗದ, ಕೇಬಲ್ಲಿನಿಂದ ಎಳೆಯುವ ಡಿಸ್ಕಿನಲ್ಲಿ ಎಳೆದ ಬಲದ ಒಂದು ಪಾಲು ಅದರ ತೋಳು ಬಾಗುವುದಕ್ಕೇ ಹೋಗುತ್ತದೆ. ತಟ್ಟೆ ಕೊಂಚ ಸೊಟ್ಟಗಾದರೂ ಸರ್ ಸರ್ ಸದ್ದು ಶುರು. ಅಲ್ಯೂಮಿನಿಯಂ ರಿಮ್ಮು, ಅದನ್ನೇ ಎರಡು ಬದಿಯಿಂದ ಹಿಡಿಯುವ ‘ವಿ-ಬ್ರೇಕ್’ ಇದ್ದರೆ ಯಾವ ಮೂಲೆಯ ಮೆಕ್ಯಾನಿಕ್ಕಾದರೂ ಸರಿಮಾಡಿ ಕೊಡುತ್ತಾರೆ. ಮಳೆಯಲ್ಲಿ ನೀರು ಒರೆಸಿಕೊಳ್ಳಲು ಚಕ್ರ ಒಂದೆರಡು ಸುತ್ತು ತೆಗೆದುಕೊಳ್ಳುತ್ತದೆ, ಅಷ್ಟು ಮೊದಲೇ ಹಿಡಿಯಬೇಕು. ಹಳೆಯ ಸೈಕಲ್ಲಿನ ಕ್ರೋಮ್ ಲೇಪದ ಉಕ್ಕಿನ ರಿಮ್ಮು, ಕಂಬಿ ಬ್ರೇಕಿನ ಜೋಡಿ ಮಾತ್ರ ಮಳೆಯಲ್ಲಿ ಅಪಾಯಕಾರಿ. ಅಲ್ಲಿ ಹಿಡಿತವೇ ಇರುವುದಿಲ್ಲ.

ಕಣ್ಣಿಗೆ ಬೀಳದ ದುರ್ಬಲ ಜಾಗ ಹಿಂಚಕ್ರದ ಆಕ್ಸಲ್. ಅಗ್ಗದ ಏಳು ಗೇರಿನ ಚಕ್ರದಲ್ಲಿ ಹಲ್ಲುಗಳ ಕಟ್ಟನ್ನು ಹಬ್ಬಿನ ಪಕ್ಕಕ್ಕೆ ತಿರುಪಿ ಕೂರಿಸಿರುತ್ತಾರೆ. ಇದರಿಂದ ಬಲಗಡೆಯ ಬೇರಿಂಗು ಒಳಕ್ಕೆ ಸರಿದು, ಅಲ್ಲಿಂದ ಫ್ರೇಮಿನವರೆಗೆ ಆಕ್ಸಲ್ಲಿಗೆ ಆಧಾರವೇ ಇಲ್ಲದ ಉದ್ದವೊಂದು ಉಳಿಯುತ್ತದೆ. ಭಾರದ ಸವಾರರು ಗುಂಡಿಗೆ ಇಳಿಸಿದಾಗ ಆಕ್ಸಲ್ ಬಾಗುವುದು ಅಲ್ಲೇ. ತುಸು ಮೇಲಿನ ಬೆಲೆಯ ಸೈಕಲ್‌ಗಳಲ್ಲಿ ಇದರ ಬದಲು ‘ಕ್ಯಾಸೆಟ್’ ಎಂಬ ಹಲ್ಲುಗಳ ಕಟ್ಟು ಇರುತ್ತದೆ. ಅದರಲ್ಲಿ ಬೇರಿಂಗು ಹೊರಗಡೆಗೆ, ಫ್ರೇಮಿನ ಹತ್ತಿರಕ್ಕೆ ಬರುತ್ತದೆ. ತೂಕ 80 ಕಿಲೋ ದಾಟಿದವರು ಹೆಚ್ಚು ಗೇರಿಗೆ ಕೊಡುವ ದುಡ್ಡನ್ನು ಇದಕ್ಕೆ ಕೊಡುವುದು ಮೇಲು. ಕೊಂಡ ಮೇಲೆ ಕೆಲವು ವಾರ ಓಡಿಸಿ ಎರಡೂ ಚಕ್ರದ ಕಡ್ಡಿ ಬಿಗಿಸಿ ಬೆಂಡ್ ತೆಗೆಸಿಕೊಳ್ಳಿ. ಕಡ್ಡಿಗಳು ರಿಮ್ಮನ್ನು ಎಲ್ಲ ಕಡೆಯಿಂದ ಎಳೆದು ಹಿಡಿದು ನಿಲ್ಲಿಸಿರುತ್ತವೆ. ಒಂದು ಸಡಿಲವಾದರೆ ಅದರ ಪಾಲಿನ ಹೊರೆ ಅಕ್ಕಪಕ್ಕದವುಗಳಿಗೆ ಬಿದ್ದು ಅವೂ ಮುರಿಯತೊಡಗುತ್ತವೆ.

ಅಳತೆಯ ವಿಷಯದಲ್ಲಿ ರಾಜಿ ಬೇಡ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ನಮ್ಮಲ್ಲಿ ಎರಡೂ ಪಾದ ನೆಲಕ್ಕೆ ಊರುವಷ್ಟು ಸೀಟು ತಗ್ಗಿಸಿ, ಮಂಡಿ ಎದೆಗೆ ಬರುವಂತೆ ತುಳಿದು, ಸೈಕಲ್ ಭಾರ ಎಂದು ದೂರುವವರೇ ಹೆಚ್ಚು. ಮಗ ಬೆಳೆಯುತ್ತಾನೆ ಎಂದು ಎರಡು ಸೈಜು ದೊಡ್ಡದು ಕೊಳ್ಳುವ ಅಪ್ಪಂದಿರ ಬಗ್ಗೆ ಬೇರೆಯೇ ಲೇಖನ ಬೇಕು.

ಬೆಟ್ಟದ ವೇಷದ ಸೈಕಲ್ಲಿಗೆ ಮಡ್‌ಗಾರ್ಡ್, ಸ್ಟ್ಯಾಂಡ್, ಕ್ಯಾರಿಯರ್, ಬೆಲ್ಲು, ಬೀಗ, ದೀಪ ಎಲ್ಲವೂ ಪ್ರತ್ಯೇಕ ಬಿಲ್ಲು. ಹಳೆಯ ಕಪ್ಪು ಸೈಕಲ್ಲಿಗೆ ಮಡ್‌ಗಾರ್ಡ್, ಸ್ಟ್ಯಾಂಡ್, ಚೈನ್ ಕವರ್ ಹುಟ್ಟಿನಿಂದಲೇ ಬಂದಿರುತ್ತವೆ. ಬೆಲೆ ಹೋಲಿಸುವಾಗ ಇವನ್ನೆಲ್ಲ ಕೂಡಿಸಿ ನೋಡಬೇಕು. ಇವುಗಳ ಜೊತೆಗೆ ಒತ್ತಡ ತೋರಿಸುವ ಮುಳ್ಳಿರುವ ಒಂದು ಕಾಲು ಪಂಪು ಕೊಂಡಿಟ್ಟುಕೊಳ್ಳಿ. ಟ್ಯೂಬಿನ ರಬ್ಬರಿನ ಮೂಲಕ ಗಾಳಿ ಸದ್ದಿಲ್ಲದೆ ಸೋರುತ್ತಲೇ ಇರುತ್ತದೆ, ಪಂಚರ್ ಆಗಲೇಬೇಕೆಂದಿಲ್ಲ. ಹೊಸ ಸೈಕಲ್‌ಗಳ ವಾಲ್ವು ಬಹುಮಟ್ಟಿಗೆ ಸ್ಕೂಟರಿನದೇ ಆದ್ದರಿಂದ ಪೆಟ್ರೋಲ್ ಬಂಕಿನಲ್ಲೂ ಗಾಳಿ ಹೊಡೆಸಬಹುದು. ಆದರೆ ಅಲ್ಲಿಯ ಕಂಪ್ರೆಸರಿಗೆ ಸೈಕಲ್ ಟ್ಯೂಬು ಕ್ಷಣದ ಕೆಲಸ, ಕಣ್ಣು ಮಿಟುಕಿಸುವುದರೊಳಗೆ ಹೆಚ್ಚಾಗಿ ಟ್ಯೂಬು ಒಡೆದರೂ ಒಡೆಯಿತು. ಟೈರಿನ ಮಗ್ಗುಲಲ್ಲಿ ಎಷ್ಟು ಪಿಎಸ್‌ಐ ಎಂದು ಅಚ್ಚಾಗಿರುತ್ತದೆ, ಅದನ್ನು ಓದಿಕೊಂಡು ಹೋಗಿ ಬಂಕಿನ ಹುಡುಗನಿಗೆ ಮೊದಲೇ ಹೇಳಿ.